ಹತ್ತನೇ ನಂಬರಿನ ಬೂಟು ಮತ್ತು ನನ್ನ ತೋರುಬೆರಳು

ನನ್ನ ಬಲಗೈಯ ತೋರುಬೆರಳು ಈಗಲೂ ಇದೆ. ಇದನ್ನು ದಿನಕ್ಕೆ ನಾಲ್ಕಾರು ಸಲ ಬಗ್ಗಿಸಿ, ನೀಡಿ, ಖಾತ್ರಿ ಮಾಡಿಕೊಳ್ಳುತ್ತೇನೆ. ಮೀಟಿಂಗಿನ ನಡುವೆ ಹೀಗೆ ಬೆರಳೆತ್ತಿದರೆ ನಾನೇನೋ ಪ್ರಶ್ನೆ ಕೇಳಲಿದ್ದೇನೆಂದು ಮ್ಯಾನೇಜರ್ ಮಾತು ನಿಲ್ಲಿಸುತ್ತಾರೆ. ಮನೆಯಲ್ಲಿ ಊಟಕ್ಕೆ ಕುಳಿತಾಗ ಅದರ ಕತೆ ತೆಗೆದರೆ ಸ್ಟೀಲ್ ಲೋಟ ಚೆಂಡಾಗುತ್ತದೆ, ಸೌಟು ಬೂಟಾಗುತ್ತದೆ. "ಸುರುವಾಯ್ತು" ಎನ್ನುತ್ತ ಹೆಂಡತಿ ಸಾರಿನ ಪಾತ್ರೆಯನ್ನು ದೂರ ಸರಿಸುತ್ತಾಳೆ.

ಆ ಬೂಟಿನ ಒಡೆಯ ನಮ್ಮ ನೆರೆಮನೆಯವರು. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ನಮ್ಮದು ಒಂದು ವಿಲ್ಲಾದ ಮೇಲಿನ ಮಹಡಿ, ಅವರದು ಕೆಳಗಿನದು. ಐರ್ಲೆಂಡಿನವರು, ಐವತ್ತೇಳು ವಯಸ್ಸು, ಒಂದು ಕಾಲದ ರಗ್ಬಿ ಆಟಗಾರ. ವಾರವಿಡೀ ದುಬೈಯ ಅಲ್ ಕೂಜ್‌ನ ಗೋದಾಮೊಂದರಲ್ಲಿ ಕೃತಕ ಹುಲ್ಲು ಮಾರುತ್ತಾರೆ. ಶನಿವಾರ ಮಾತ್ರ ಹನ್ನೆರಡರಿಂದ ಹದಿಮೂರು ವಯಸ್ಸಿನ ಹುಡುಗಿಯರಿಗೆ ನಿಜವಾದ ಹುಲ್ಲಿನ ಮೇಲೆ ರಗ್ಬಿ ಕಲಿಸುತ್ತಾರೆ. ಅವರಲ್ಲಿ ನನ್ನ ಮಗಳೂ ಒಬ್ಬಳು. ಅವರ ಗೋದಾಮಿನ ಪಕ್ಕದ ಅಲ್ಯೂಮಿನಿಯಂ ವರ್ಕ್‌ಶಾಪಿನಲ್ಲಿ ನಾನು ಕ್ವಾಲಿಟಿ ಇಂಜಿನಿಯರ್. ಅವರ ಕಾರು ರಿಪೇರಿಗೆ ಹೋಗಿ ಎರಡು ವರ್ಷವಾಯಿತು. ಯಾವ ಗ್ಯಾರೇಜಿನಲ್ಲಿದೆ ಎಂದು ಕೇಳಿದರೆ ಆಕಾಶ ನೋಡುತ್ತಾರೆ. ಹಾಗಾಗಿ ಅಬುಧಾಬಿಯಿಂದ ದುಬೈಗೆ ದಿನವೂ ನನ್ನ ಕಾರಿನಲ್ಲೇ ಬರುವುದು, ನನ್ನ ಕಾರಿನಲ್ಲೇ ಹೋಗುವುದು. ಆ ಪ್ರಯಾಣಗಳಲ್ಲಿ ಅವರ ಇಡೀ ಆಟದ ಬದುಕನ್ನು ನಾನು ಕಂತುಕಂತಾಗಿ ಕೇಳಿದ್ದೇನೆ. ನನ್ನಿಂದ ಅವರು ಕಲಿತದ್ದು ಒಂದೇ ಪದ: ಮಾರಾಯ. ಅದನ್ನು ಗಂಡಸು, ಹೆಂಗಸು, ಟ್ರಾಫಿಕ್ ಸಿಗ್ನಲ್, ಎಲ್ಲಕ್ಕೂ ಬಳಸುತ್ತಾರೆ. ಉಳಿದದ್ದು ಅವರು ಆಡಿದ್ದು ಇಂಗ್ಲಿಷಿನಲ್ಲಿ, ನಾನು ಬರೆಯುತ್ತಿರುವುದು ಕನ್ನಡದಲ್ಲಿ.

ಅವರು ಆಡುತ್ತಿದ್ದದ್ದು ಹತ್ತನೇ ನಂಬರಿನ ಅಂಗಿ ತೊಟ್ಟು. ಆ ಜಾಗಕ್ಕೆ ಫ್ಲೈ-ಹಾಫ್ ಎಂದು ಹೆಸರು. ನನಗದು ಅರ್ಥವಾದದ್ದು ಯಕ್ಷಗಾನದಿಂದ. ರಜೆಯ ಭಾನುವಾರ ನಾನು ಅಲ್ ನಹ್ದಾದಲ್ಲಿ ಸ್ನೇಹಿತರೊಬ್ಬರ ಫ್ಲ್ಯಾಟಿನ ಹಾಲ್‌ನಲ್ಲಿ ನಡೆಯುವ ನಮ್ಮ ಹವ್ಯಾಸಿ ತಂಡದ ಅಭ್ಯಾಸಕ್ಕೆ ಮದ್ದಳೆ ಬಾರಿಸಲು ಹೋಗುತ್ತೇನೆ. ವೇಷಧಾರಿಗಳು ಬೆವರು ಸುರಿಸಿ ಕುಣಿಯುತ್ತಿರುತ್ತಾರೆ. ಭಾಗವತರು ಹಿಂದೆ ಕುಳಿತು ಯಾರು ಕುಣಿಯಬೇಕು, ಯಾರು ಕೂರಬೇಕು, ಪದ ಎಲ್ಲಿ ಮುಗಿಯಬೇಕು ಎಂದು ತೀರ್ಮಾನಿಸುತ್ತಾರೆ. ರಗ್ಬಿಯ ಹತ್ತನೇ ನಂಬರ್ ಅಂದರೆ ಆ ಭಾಗವತರು. ಎಮ್ಮೆಯಂಥ ಎಂಟು ಜನ ತಲೆಗೆ ತಲೆ ಕೊಟ್ಟು ನೂಕಾಡಿ ಚೆಂಡು ತೆಗೆದುಕೊಟ್ಟ ಮೇಲೆ, ಮಣ್ಣು ತಾಗದ ಅಂಗಿಯ ಈ ಮನುಷ್ಯ ಅದನ್ನು ಓಡಿಸಬೇಕೋ, ಎಸೆಯಬೇಕೋ, ಒದೆಯಬೇಕೋ ಎಂದು ನಿರ್ಧರಿಸುತ್ತಾನೆ. ಇದನ್ನು ಹೇಳಿದಾಗ ಕೋಚ್‌ಗೆ ಬಹಳ ಸಂತೋಷವಾಯಿತು. "ಭಾಗವತರಿಗೆ ಬೆಂಚು ಇರುತ್ತದೆಯೇ?" ಎಂದು ಕೇಳಿದರು.

"ಯಾಕೆ?"

"ನಾನು ಒಂಬತ್ತು ವರ್ಷ ಕುಳಿತಿದ್ದೆ."

ದೇಶದ ತಂಡದಲ್ಲಿ ಅವರ ಕಾಲಕ್ಕೆ ಇನ್ನೊಬ್ಬ ಹತ್ತನೇ ನಂಬರ್ ಇದ್ದ. ಆ ಪುಣ್ಯಾತ್ಮನಿಗೆ ಮಂಡಿ ನೋವಿಲ್ಲ, ಬೆನ್ನು ನೋವಿಲ್ಲ, ಶೀತ ಕೂಡ ಆಗುತ್ತಿರಲಿಲ್ಲ. ನಮ್ಮ ಕೋಚ್ ಭಾನುವಾರ ಚರ್ಚಿಗೆ ಹೋಗಿ ಆತನಿಗೆ ಸಣ್ಣದೊಂದು ಜ್ವರ ಕೊಡಪ್ಪಾ ಎಂದು ಬೇಡಿಕೊಂಡದ್ದೂ ಉಂಟಂತೆ. "ದೊಡ್ಡ ಜ್ವರ ಕೇಳಲಿಲ್ಲ, ಎರಡು ದಿನದ್ದು ಸಾಕಿತ್ತು." ಒಂಬತ್ತು ವರ್ಷದಲ್ಲಿ ದೇಶಕ್ಕೆ ಆಡಿದ್ದು ಎರಡು ಸಲ. ಮೊದಲ ಸಲ ಕೊನೆಯ ನಾಲ್ಕು ನಿಮಿಷ. ಆಗ ಚೆಂಡು ಅವರ ಕೈಗೆ ಒಮ್ಮೆ ಬಂತು, ಬಂದದ್ದನ್ನು ಗಾಬರಿಯಲ್ಲಿ ರೆಫರಿಗೆ ಪಾಸ್ ಮಾಡಿದರು. ಎರಡನೆಯ ಸಲ ಪೂರ್ತಿ ಪಂದ್ಯ, ಗೆದ್ದದ್ದು ಇವರ ಒದೆತದಿಂದಲೇ. ಆ ಪಂದ್ಯದ ವಿಷಯ ಬಂದಾಗ ಮಾತ್ರ ಕಿಟಕಿಯಾಚೆ ನೋಡಿ, "ಗಾಳಿ ಬಹಳ ಇತ್ತು" ಎಂದಷ್ಟೇ ಹೇಳುತ್ತಿದ್ದರು. ವಿನಯ ಇರಬೇಕೆಂದು ನಾನು ಭಾವಿಸಿದೆ.

ಆಡುವುದು ಮುಗಿದ ಮೇಲೆ ಕೋಚ್ ಆದರು. ಫ್ರಾನ್ಸಿನ ದಕ್ಷಿಣದ ಒಂದು ಊರಿನಲ್ಲಿ ಇವರಿಗೆ ಫ್ರೆಂಚ್ ಬಾರದು, ಆಟಗಾರರಿಗೆ ಇಂಗ್ಲಿಷ್ ಬಾರದು. ಕ್ಲಬ್ಬಿನ ಅಧ್ಯಕ್ಷರ ಅಳಿಯನೇ ದುಭಾಷಿ. ಆ ವರ್ಷ ತಂಡ ಗೆದ್ದದ್ದೇ ಗೆದ್ದದ್ದು. ಇವರು ಹಟ ಹಿಡಿದು ಫ್ರೆಂಚ್ ಕಲಿತ ಮೇಲೆ ಗೊತ್ತಾಯಿತು, ಅಳಿಯ ಇವರು ಹೇಳಿದ್ದನ್ನು ಬಿಟ್ಟು ತನ್ನ ಯೋಚನೆಯನ್ನೇ ಹೇಳುತ್ತಿದ್ದ ಎಂದು. ಇವರು ನೇರವಾಗಿ ಮಾತಾಡತೊಡಗಿದ ಮೇಲೆ ತಂಡ ಸಾಲಾಗಿ ಸೋತಿತು. ಇವರನ್ನು ಕಳಿಸಿ ಅಳಿಯನನ್ನು ಕೋಚ್ ಮಾಡಿದರು. ಆಮೇಲೆ ಜಪಾನಿನ ಒಂದು ಕಾರ್ಖಾನೆಯ ತಂಡ. ಅಲ್ಲಿ ಆಟಗಾರರು ಪಾಸ್ ತಪ್ಪಿದಾಗಲೆಲ್ಲ ನಿಂತು ತಲೆಬಾಗಿ ಕ್ಷಮೆ ಕೇಳುತ್ತಿದ್ದರು, ಅಷ್ಟರಲ್ಲಿ ಎದುರಾಳಿ ಚೆಂಡು ಹಿಡಿದು ಓಡಿರುತ್ತಿದ್ದ. ಆಮೇಲೆ ಗಲ್ಫ್. ಇಲ್ಲಿ ಮೊದಲು ಗಂಡಸರ ತಂಡ, ಅದು ಹೋಯಿತು, ಉಳಿದದ್ದು ಹುಡುಗಿಯರು. "ಎಲ್ಲಕ್ಕಿಂತ ಒಳ್ಳೆಯ ತಂಡ ಇದೇ" ಎನ್ನುತ್ತಾರೆ. "ಇವರು ಮಾತ್ರ ನಾನು ಹೇಳಿದ್ದಕ್ಕೆ ಯಾಕೆ ಅಂತ ಕೇಳುತ್ತಾರೆ."

ಹೆಚ್ಚು ಕೇಳುವವಳು ನನ್ನ ಮಗಳು. ಅವಳಿಗೂ ಹತ್ತನೇ ನಂಬರಿನ ಅಂಗಿ. ಶಾಲೆಯಲ್ಲಿ ಬಾಯಿ ಬಿಡದ ಹುಡುಗಿ, ಕಳೆದ ವರ್ಷದವರೆಗೆ ಟೀಚರಿಗೆ ಇವಳ ದನಿ ಹೇಗಿದೆ ಎಂದೇ ಗೊತ್ತಿರಲಿಲ್ಲ. ಮೈದಾನದಲ್ಲಿ ತನಗಿಂತ ಎರಡು ಪಟ್ಟು ದೊಡ್ಡ ಹುಡುಗಿಯರಿಗೆ ಕೂಗಿ ಕೂಗಿ ಆಜ್ಞೆ ಮಾಡುತ್ತಾಳೆ. ಮೊದಲ ಸಲ ಅದನ್ನು ಕೇಳಿದಾಗ ನನ್ನ ಹೆಂಡತಿ ನನ್ನ ಕೈ ಹಿಡಿದು "ಇದು ನಮ್ಮದೇ ಮಗುವಾ?" ಎಂದು ಕೇಳಿದ್ದಳು.

ಹೀಗೆಲ್ಲ ನೆಮ್ಮದಿಯಾಗಿದ್ದಾಗ ಮೈದಾನದವರಿಂದ ಒಂದು ನೋಟೀಸು ಬಂತು. ಶನಿವಾರ ಸಂಜೆ ಅಲ್ಲಿ ಎರಡು ಕ್ಲಬ್ಬುಗಳ ಮಕ್ಕಳು ಬೇರೆ ಬೇರೆ ಹೊತ್ತಿಗೆ ಆಡುತ್ತಿದ್ದರು. ಇನ್ನು ಫುಟ್‌ಬಾಲಿನವರಿಗೂ ಸಮಯ ಕೊಡಬೇಕಾದ್ದರಿಂದ ರಗ್ಬಿಗೆ ಸಂಜೆ ಒಂದೇ ಹೊತ್ತು ಉಳಿಯುತ್ತದೆ, ಇನ್ನೊಂದು ಕ್ಲಬ್ಬು ಮಧ್ಯಾಹ್ನ ಎರಡಕ್ಕೆ ಬರಬೇಕು; ಯಾರಿಗೆ ಯಾವುದೆಂದು ನೀವೇ ತೀರ್ಮಾನಿಸಿ. ಮನೆಯಲ್ಲಿ ನಾನಿದನ್ನು ಓದಿ ಹೇಳಿದೆ.

"ಎರಡು ಗಂಟೆಯ ಬಿಸಿಲಿಗೆ ಹಾಕ್ಲಿಕ್ಕೆ ಅವಳೆಂತ ಹಪ್ಪಳವಾ?" ಎಂದಳು ಹೆಂಡತಿ. "ಸಂಜೆ ಸಿಕ್ಕಿದ್ರೆ ಆಡ್ಲಿ. ಇಲ್ಲದಿದ್ರೆ ಖಲಾಸ್. ರಗ್ಬಿಯೂ ಇಲ್ಲ, ಗಿಗ್ಬಿಯೂ ಇಲ್ಲ."

ಮಗಳು ಅನ್ನದ ತಟ್ಟೆ ಬಿಟ್ಟು ಎದ್ದು ಹೋದಳು. ಅವಳ ಕೋಣೆಯಿಂದ "ದಿಸ್ ಈಸ್ ಸೋ ಅನ್‌ಫೇರ್" ಎಂಬುದು ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಆ ಏನೂ ಕೇಳಿಸದಿರುವುದು ನನಗೆ ಕಷ್ಟವಾಯಿತು. ಹಳೆಯ ಹುಡುಗಿ ವಾಪಸು ಬಂದ ಹಾಗಿತ್ತು.

ತೀರ್ಮಾನ ಮಾಡಲು ಎರಡೂ ಕ್ಲಬ್ಬಿನವರು ಸೇರಿದೆವು. ಆಚೆಯ ಕೋಚ್ ನ್ಯೂಜಿಲೆಂಡಿನವರು, ಅವರೂ ಒಂದಾನೊಂದು ಕಾಲದ ಹತ್ತನೇ ನಂಬರ್. ಇಬ್ಬರು ಭಾಗವತರು ಒಂದೇ ರಂಗಸ್ಥಳದಲ್ಲಿ ಕೂತರೆ ಏನಾಗಬೇಕೋ ಅದೇ ಆಯಿತು. ಒಂದು ಗಂಟೆ ಯಾರೂ ಬಿಟ್ಟುಕೊಡದೆ ಮಾತಾಡಿ, ಕೊನೆಗೆ ಎರಡೂ ಕಡೆಯ ಅಪ್ಪಂದಿರು, ಕೋಚ್‌ಗಳೂ ಸೇರಿ, ಒಂದು ಪಂದ್ಯ ಆಡುವುದು, ಗೆದ್ದವರ ಮಕ್ಕಳಿಗೆ ಸಂಜೆ ಎಂದು ಒಪ್ಪಿದರು. ಎಲ್ಲರೂ ಕೈ ಕುಲುಕಿದರು. ಎಂಥ ನ್ಯಾಯವಾದ ಪರಿಹಾರ ಎಂದು ನನಗೂ ಅನ್ನಿಸಿತು.

ನಮ್ಮ ತಂಡಕ್ಕೆ ಒಬ್ಬರು ಕಡಿಮೆ ಬಿದ್ದರು. ಲೆಕ್ಕಕ್ಕೆ ನನಗೂ ಒಂದು ಜರ್ಸಿ ಕೊಟ್ಟರು, ನಂಬರ್ ಇಪ್ಪತ್ತಮೂರು. ನೀರಿನ ಬಾಟಲಿ ಒಯ್ಯುವುದಷ್ಟೇ ಕೆಲಸ ಎಂದು ಕೋಚ್ ಮಾತು ಕೊಟ್ಟರು. ಜರ್ಸಿ ಯಾವುದೋ ಮಗುವಿನದಿರಬೇಕು. ಅದನ್ನು ಹಾಕಿಕೊಂಡು ಬಂದಾಗ ಮಗಳು ಒಮ್ಮೆ ನೋಡಿ, "ಅಪ್ಪ, ಪ್ಲೀಸ್ ಸ್ಟ್ಯಾಂಡ್ ಬಿಹೈಂಡ್ ಸಮ್‌ಥಿಂಗ್" ಎಂದಳು.

ಪಂದ್ಯದ ದಿನ ಶಮಾಲ್ ಗಾಳಿ. ಮರುಭೂಮಿಯ ಮರಳನ್ನೆಲ್ಲ ಹೊತ್ತು ತಂದು ನಮ್ಮ ಕಣ್ಣಿಗೇ ಹಾಕುವ ಹರಕೆ ಹೊತ್ತಂತೆ ಬೀಸುತ್ತಿತ್ತು. ಎಚ್ ಅಕ್ಷರದಂಥ ಗೋಲುಕಂಬಗಳು ಕಿರ್‍ರೆನ್ನುತ್ತಿದ್ದವು. ಅಪ್ಪಂದಿರು ಎರಡು ನಿಮಿಷ ಓಡಿ ಐದು ನಿಮಿಷ ಮಂಡಿ ಹಿಡಿದು ನಿಲ್ಲುತ್ತಿದ್ದರು. ನಮ್ಮ ಕೋಚ್ ಹತ್ತನೇ ನಂಬರಿನ ಜಾಗದಲ್ಲಿ ನಿಂತವರು ಅಲ್ಲಿಂದ ಕದಲಲಿಲ್ಲ; ಬೆರಳಲ್ಲೇ ಎಲ್ಲರನ್ನೂ ಓಡಿಸಿದರು. ಕೊನೆಯ ನಿಮಿಷಕ್ಕೆ ಅವರದು ಹದಿಮೂರು, ನಮ್ಮದು ಏಳು. ಆಗ ನಮ್ಮ ಕಡೆಯ ಒಬ್ಬ ದಪ್ಪ ಅಪ್ಪ, ಗಾಳಿಯೇ ಹಿಂದಿನಿಂದ ನೂಕಿತೋ ಏನೋ, ಚೆಂಡಿನ ಸಮೇತ ಗೆರೆಯಾಚೆ ಹೋಗಿ ಬಿದ್ದರು. ಅದಕ್ಕೆ ಐದು ಅಂಕ. ಹನ್ನೆರಡಾಯಿತು. ಹೀಗೆ ಗೆರೆ ದಾಟಿದ ಮೇಲೆ, ಚೆಂಡನ್ನು ನೆಲದ ಮೇಲಿಟ್ಟು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಒದ್ದು ದಾಟಿಸಿದರೆ ಇನ್ನೆರಡು ಅಂಕ. ಅಂದರೆ ಹದಿನಾಲ್ಕು. ಅಂದರೆ ಸಂಜೆ.

ಕೋಚ್ ಪ್ಲಾಸ್ಟಿಕ್ ದಿಂಬಿನಂಥದ್ದರ ಮೇಲೆ ಚೆಂಡು ನಿಲ್ಲಿಸಿದರು. ಗಾಳಿ ಬೀಳಿಸಿತು. ಮತ್ತೆ ನಿಲ್ಲಿಸಿದರು, ಮತ್ತೆ ಬಿತ್ತು. ಮೂರನೆಯ ಸಲವೂ ಬಿದ್ದಾಗ ರೆಫರಿ ಗಡಿಯಾರ ನೋಡಿದರು. ಕೋಚ್ ತಂಡದವರ ಕಡೆ ತಿರುಗಿ, "ಗಾಳಿಗೆ ಒಬ್ಬರು ಬೆರಳಲ್ಲಿ ಹಿಡಿದುಕೊಳ್ಳಬಹುದು, ನಿಯಮ ಇದೆ. ಯಾರು ಬರುತ್ತೀರಿ?" ಎಂದರು.

ರಗ್ಬಿ ಬಲ್ಲ ಹದಿಮೂರು ಅಪ್ಪಂದಿರು ಒಟ್ಟಿಗೇ ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳತೊಡಗಿದರು. ನನಗದು ಆಶ್ಚರ್ಯವೆನಿಸಲಿಲ್ಲ. ಗಾಳಿಗೆ ಲೇಸ್ ಬಿಚ್ಚಿರಬೇಕು ಎಂದುಕೊಂಡೆ. ಜಲ್ಲಿ ಲಾರಿಯಂತೆ ಸದ್ದು ಮಾಡುತ್ತಿದ್ದ ಗಾಳಿಯಲ್ಲಿ ನನ್ನ ಮಗಳ ದನಿ ಮಾತ್ರ ಸ್ಪಷ್ಟವಾಗಿ ಕೇಳಿಸಿತು: "ಅಪ್ಪ! ಗೋ!"

"ಬಾ ಮಾರಾಯ," ಎಂದರು ಕೋಚ್. "ನೀನು ತಾಳದವನು. ನಿನ್ನ ಕೈ ಗಟ್ಟಿ."

ಇಂಥ ಹೊಗಳಿಕೆಗೆ ಬೀಳದ ಮದ್ದಳೆಗಾರ ಎಲ್ಲಿದ್ದಾನೆ?

ಹೊಟ್ಟೆ ಕೆಳಗಾಗಿ ಹುಲ್ಲಿನ ಮೇಲೆ ಮಲಗಿದೆ. ತೋಳು ಮುಂದೆ ಚಾಚಿ, ನೆಟ್ಟಗೆ ನಿಂತ ಮೊಟ್ಟೆಯಾಕಾರದ ಚೆಂಡಿನ ನೆತ್ತಿಯ ಮೇಲೆ ತೋರುಬೆರಳಿನ ತುದಿ ಇಟ್ಟೆ. ಆಗ ಎರಡು ಸಂಗತಿಗಳು ನನ್ನ ಗಮನಕ್ಕೆ ಬಂದವು. ಒಂದು, ಕೋಚ್ ಅವರ ಬೂಟಿನ ತಳದಲ್ಲಿ ಲೋಹದ ಮೊಳೆಗಳಿವೆ. ಎರಡು, ಎದುರು ತಂಡದ ಹದಿನೈದೂ ಅಪ್ಪಂದಿರು ಗೋಲುಗೆರೆಯ ಮೇಲೆ ಓಟದ ಸ್ಪರ್ಧೆಗೆ ನಿಂತಂತೆ ಒಂದು ಕಾಲು ಮುಂದಿಟ್ಟು ನಿಂತಿದ್ದಾರೆ.

"ಅವರು ಯಾಕೆ ಹಾಗೆ ನಿಂತಿದ್ದಾರೆ?" ಎಂದು ಮಲಗಿದಲ್ಲಿಂದಲೇ ಕೇಳಿದೆ.

"ನಾನು ಹೆಜ್ಜೆ ಎತ್ತಿದ ಕೂಡಲೇ ಅವರು ಓಡಿ ಬಂದು ತಡೆಯಬಹುದು. ನೀನು ಅದನ್ನು ನೋಡಬೇಡ."

"ಮತ್ತೆ ಏನು ನೋಡಲಿ?"

"ಕಣ್ಣು ಮುಚ್ಚಿದರೂ ಆಗುತ್ತದೆ."

ಇಲ್ಲಿಂದ ಮುಂದಿನದ್ದು ನನಗೆ ಈಗಲೂ ನಿಧಾನವಾಗಿಯೇ ಕಾಣುವುದು. ಕೋಚ್ ನಾಲ್ಕು ಹೆಜ್ಜೆ ಹಿಂದೆ ಹೋದರು, ಎರಡು ಹೆಜ್ಜೆ ಪಕ್ಕಕ್ಕೆ. ಎರಡು ವರ್ಷ ನಾನು ಬದಿಯಲ್ಲಿ ನಿಂತು ಅವರ ಒದೆತ ನೋಡಿದ್ದೇನೆ. ನಿಂತಲ್ಲೇ ಎರಡು ಸಲ ಕಾಲು ಕೆದರುತ್ತಾರೆ, ಆಮೇಲೆ ಐದು ಹೆಜ್ಜೆ ಓಟ. ಎರಡೂ ಐದೂ ಏಳು. ಅಪ್ಪಟ ತ್ರಿವುಡೆ ತಾಳ. ಬದಿಯಲ್ಲಿ ನಿಂತಾಗಲೆಲ್ಲ ನನ್ನ ಬೆರಳುಗಳು ತೊಡೆಯ ಮೇಲೆ ಅದಕ್ಕೆ ಸರಿಯಾಗಿ ಬಾರಿಸುತ್ತಿದ್ದವು. ನನಗೆ ಗೊತ್ತಿಲ್ಲದೆ ಅವು ಆ ಒದೆತವನ್ನು ಬಾಯಿಪಾಠ ಮಾಡಿಕೊಂಡಿದ್ದವು.

ಕೆದರು, ಕೆದರು. ಒಂದು ಹೆಜ್ಜೆ. ಎದುರಿನಿಂದ ಹದಿನೈದು ಅಪ್ಪಂದಿರ ಗರ್ಜನೆ. ಎರಡು. ಕಿವಿಯ ಕೆಳಗಿನ ನೆಲ ನಡುಗಿತು. ಮೂರು. ನಾಲ್ಕು. ಮದ್ದಳೆ ಬಾರಿಸುವವರಿಗೆ ಗೊತ್ತು, ಮುಕ್ತಾಯದ ಪೆಟ್ಟು ಬೀಳಬೇಕಾದರೆ ಅದರ ಹಿಂದಿನ ಎಣಿಕೆಯಲ್ಲೇ ಕೈ ಮೇಲೇಳಬೇಕು. ಎತ್ತದೆ ಬಾರಿಸುವುದು ಹೇಗೆ? ಇಪ್ಪತ್ತು ವರ್ಷದ ಅಭ್ಯಾಸ. ನನ್ನ ಬೆರಳು ಎದ್ದಿತು.

ಚೆಂಡು ಬಿತ್ತು.

ಬೂಟು ಆಗಲೇ ಹೊರಟಿತ್ತು. ಚೆಂಡಿಲ್ಲದ ಜಾಗವನ್ನು, ಅಂದರೆ ಒಂದು ಕ್ಷಣದ ಹಿಂದೆ ನನ್ನ ಬೆರಳಿದ್ದ ಜಾಗವನ್ನು, ಸೀಳಿಕೊಂಡು ಹೋಯಿತು. ನನ್ನ ಮಣಿಕಟ್ಟಿನ ಕೂದಲು ಅಲ್ಲಾಡಿದ್ದು ನನಗೆ ಗೊತ್ತಾಯಿತು. ಗಾಳಿಯಿಂದ ಎಂದು ಹೆಂಡತಿ ಹೇಳುತ್ತಾಳೆ. ಗಾಳಿಗೆ ಶೂ ಪಾಲಿಶ್ ವಾಸನೆ ಇರುವುದಿಲ್ಲ. ಕೋಚ್ ಮುಗ್ಗರಿಸಿ ನನ್ನನ್ನು ಹಾರಿ, ತಿರುಗಿ, ಉರುಳುತ್ತಿದ್ದ ಚೆಂಡನ್ನು ಎತ್ತಿಕೊಂಡರು. ಹೀಗೆ ಬಿದ್ದರೆ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದ ಕೂಡಲೇ ಒದೆಯಬಹುದಂತೆ. ಐವತ್ತೇಳರ ಆ ಮನುಷ್ಯ, ಹದಿನೈದು ಜನ ಮೈಮೇಲೆ ಬರುತ್ತಿರುವಾಗ, ಕಾಲಡಿಯಲ್ಲಿ ಒಬ್ಬ ಇಂಜಿನಿಯರ್ ಬಿದ್ದಿರುವಾಗ, ಅದನ್ನೂ ಮಾಡಿದರು. ಚೆಂಡು ನನ್ನ ಬೆನ್ನ ಮೇಲಿಂದ, ಅಪ್ಪಂದಿರ ತಲೆಗಳ ಮೇಲಿಂದ ಹಾರಿತು. ನಾನು ಅದನ್ನು ನೋಡಲಿಲ್ಲ. ಢಣ್ ಎಂದು ಕಂಬಕ್ಕೆ ಬಡಿದದ್ದನ್ನು ಕೇಳಿದೆ. ಆಮೇಲೆ ಆಚೆಯವರ ಹರ್ಷೋದ್ಗಾರ ಕೇಳಿದೆ. ಚೆಂಡು ಈಚೆಯೇ ಬಿದ್ದಿತ್ತು.

ಓಡಿ ಬಂದ ಅಪ್ಪಂದಿರಿಗೆ ನಿಲ್ಲಲಾಗಲಿಲ್ಲ. ಬೇಲಿ ಹಾರುವ ಕುರಿಗಳಂತೆ ಒಬ್ಬೊಬ್ಬರಾಗಿ ನನ್ನನ್ನು ಹಾರಿದರು. ಹದಿನಾಲ್ಕನ್ನು ಎಣಿಸಿದೆ. ಹದಿನೈದನೆಯವರು ಹಾರಲಿಲ್ಲ, ನನ್ನ ಮೇಲೇ ಕುಳಿತರು. "ಸಾರಿ" ಎಂದರು. ಏದುಸಿರು ತಗ್ಗುವ ತನಕ ಏಳಲೂ ಇಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಕಾರಿನೊಳಗೆ ಮರಳಿನ ವಾಸನೆ. ಮಗಳು ಹಿಂದಿನ ಸೀಟಿನಲ್ಲಿ ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. "ಯು ಲಿಫ್ಟೆಡ್ ಇಟ್, ಅಪ್ಪ" ಎಂದಳು.

"ಹೌದು ಮಗಾ."

"ಇಟ್ಸ್ ಓಕೆ." ಒಂದು ಕಿಲೋಮೀಟರ್ ಆದ ಮೇಲೆ, "ಇಟ್ಸ್ ನಾಟ್ ಓಕೆ."

ಕೋಚ್ ಹಿಂದಿನ ಸೀಟಿನ ಕಡೆ ತಿರುಗಿದರು. "ನಿನ್ನ ಅಪ್ಪ ಬೆರಳೆತ್ತಿದ್ದು ಒಳ್ಳೆಯದಾಯಿತು. ನನ್ನ ಎರಡನೆಯ ಪಂದ್ಯದಲ್ಲಿ, ದೇಶಕ್ಕೆ ಆಡಿದಾಗ, ಗಾಳಿ ಬಹಳ ಇತ್ತು. ನಮ್ಮ ಒಂಬತ್ತನೇ ನಂಬರಿನವನು ಬೆರಳು ಎತ್ತಲಿಲ್ಲ."

ನಾನು ಕಾರನ್ನು ನಿಧಾನ ಮಾಡಿದೆ. "ಏನಾಯಿತು?"

"ಗೆದ್ದೆವು."

"ಬೆರಳಿಗೆ ಏನಾಯಿತು?"

"ಕೊಕ್ಕೆಯಾಯಿತು. ಅವನೀಗ ಬಾಗಿಲ ಹಿಂದೆ ಇರುವವರನ್ನೂ ಆ ಬೆರಳಲ್ಲಿ ತೋರಿಸಬಲ್ಲ. ಇವತ್ತಿಗೂ ಕ್ರಿಸ್‌ಮಸ್ ಕಾರ್ಡ್ ಕಳಿಸುವುದಿಲ್ಲ. ರಗ್ಬಿ ಗೊತ್ತಿರುವ ಎಲ್ಲರಿಗೂ ಆ ಕತೆ ಗೊತ್ತು."

ಹದಿಮೂರು ಜೊತೆ ಶೂ ಲೇಸುಗಳು ಆಗ ನನಗೆ ಅರ್ಥವಾದವು. ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಒಂದು ಕರಕ್ ಚಹಾ ಕುಡಿದು, ಹತ್ತು ಬೆರಳನ್ನೂ ಎಣಿಸಿಕೊಂಡು ಮುಂದೆ ಹೊರಟೆ.

ಮನೆಯಲ್ಲಿ ಹೆಂಡತಿ ಮೂವರ ಮುಖ ನೋಡಿ ಫಲಿತಾಂಶ ಕೇಳಲೇ ಇಲ್ಲ. ಕೋಚ್ ಅವರನ್ನೂ ಒಳಗೆ ಕರೆದು ನೀರ್‌ದೋಸೆ ಹಾಕಿದಳು. ಮಗಳು ಅಮ್ಮನನ್ನು ನೋಡುತ್ತ ನಿಂತಳು. ನಾನು ನಡೆದದ್ದನ್ನೆಲ್ಲ ಹೇಳಿದೆ, ಲೋಟ ಮತ್ತು ಸೌಟಿನ ಮೊದಲ ಪ್ರಯೋಗ ಆಗಲೇ ಆದದ್ದು. ಹೆಂಡತಿ ಪೂರ್ತಿ ಕೇಳಿ, ಕಾವಲಿ ಒರೆಸುತ್ತ, "ಮೈದಾನ ಬೆಳಿಗ್ಗೆ ಎಂತ ಮಾಡ್ತದೆ?" ಎಂದಳು.

"ಏನು?"

"ಶನಿವಾರ ಬೆಳಿಗ್ಗೆ. ಆರು ಗಂಟೆಗೆ. ಆಗ ಯಾರು ಆಡ್ತಾರೆ ಅಲ್ಲಿ?"

ನಾನು ಕೋಚ್ ಅವರ ಮುಖ ನೋಡಿದೆ. ಅವರು ದೋಸೆಯ ಮುಖ ನೋಡಿದರು.

"ಯಾರೂ ಇಲ್ಲ ಅಂತ ಕಾಣ್ತದೆ," ಎಂದೆ.

"ಅಷ್ಟು ಜನ ಗಂಡಸರು ಒಂದು ಗಂಟೆ ಮೀಟಿಂಗ್ ಮಾಡಿದ್ರಲ್ಲ ಮಾರಾಯ್ರೆ. ಬೆಳಿಗ್ಗೆ ಅಂತ ಒಂದು ಉಂಟು ಅಂತ ಒಬ್ಬರಿಗೂ ನೆನಪಾಗ್ಲಿಲ್ವಾ? ಬೆರಳು ಕೊಡ್ಲಿಕ್ಕೆ ಹೊರಟ್ರಿ!"

ನಾನಿದನ್ನು ಇಂಗ್ಲಿಷಿಗೆ ತಂದು ಹೇಳಿದೆ. ಬೈಗುಳ ಬಿಟ್ಟು ಹೇಳಿದ್ದರಿಂದ ಫ್ರಾನ್ಸಿನ ಅಳಿಯನ ನೆನಪಾಗಿರಬೇಕು, ಕೋಚ್ ನನ್ನನ್ನು ಅನುಮಾನದಿಂದ ನೋಡಿದರು. ಆಮೇಲೆ, "ನಾನು ಜೀವನದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಹುಲ್ಲಿನ ಮೇಲೆ ಕಾಲಿಟ್ಟಿಲ್ಲ" ಎಂದರು.

"ದೇಶಕ್ಕೋಸ್ಕರವೂ?" ಎಂದು ಮಗಳು ಕೇಳಿದಳು. ಕನ್ನಡದಲ್ಲೇ ಕೇಳಿದಳು, ಆಮೇಲೆ ಇಂಗ್ಲಿಷಿನಲ್ಲಿ.

"ದೇಶ ನನ್ನನ್ನು ಅಷ್ಟು ಬೇಗ ಕರೆಯಲಿಲ್ಲ."

ಮೈದಾನದ ಕಾವಲುಗಾರ ಪೇಶಾವರದ ಕಡೆಯವರು. ನಾನು ಫೋನ್ ಮಾಡಿ ನನ್ನ ಹಿಂದಿಯಲ್ಲಿ ಕೇಳಿದೆ. ಬೆಳಗಿನ ನಮಾಜು ಮುಗಿಸಿ ದಿನವೂ ಗೇಟು ತೆಗೆದೇ ಇರುತ್ತಾರಂತೆ. "ಆಯಿಯೇ, ಆಯಿಯೇ. ಆಜ್ ತಕ್ ಕಿಸೀನೆ ಪೂಛಾ ನಹೀಂ," ಎಂದರು, ಇವತ್ತಿನ ತನಕ ಯಾರೂ ಕೇಳಿಯೇ ಇಲ್ಲವಂತೆ. ಮೈದಾನದ ಆಫೀಸಿನವರೂ ಮರುದಿನ ಸರಿ ಎಂದರು. ಹೆಂಡತಿ ಒಂದು ಷರತ್ತು ಹಾಕಿದಳು: ಒಂದೇ ಒಂದು ಶನಿವಾರ ನೋಡುತ್ತೇನೆ, ತಂಡ ಆಗುವಷ್ಟು ಹುಡುಗಿಯರು ಬಂದರೆ ಸರಿ, ಇಲ್ಲದಿದ್ದರೆ ಇವಳೊಬ್ಬಳಿಗಾಗಿ ಮನೆಮಂದಿಯೆಲ್ಲ ಐದಕ್ಕೆ ಏಳುವುದಿಲ್ಲ.

ಆ ಶನಿವಾರ ಕೆಳಮನೆಯ ಬೆಲ್ಲನ್ನು ಹನ್ನೊಂದು ಸಲ ಒತ್ತಬೇಕಾಯಿತು. ಕೋಚ್ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ ಹಾಕಿಕೊಂಡು ಬಂದು ಕಾರಿನಲ್ಲಿ ಬಾಯಿ ತೆರೆದು ಮಲಗಿದರು. ಹೆಂಡತಿ ಷರತ್ತಿನ ತಪಾಸಣೆಗೆಂದು ಫ್ಲಾಸ್ಕ್ ಹಿಡಿದು ಬಂದಿದ್ದಳು. ಮೈದಾನ ತಲುಪಿದಾಗ ಅಲ್ಲಿ ಒಂದು ಕಾರೂ ಇರಲಿಲ್ಲ. ಮಗಳು ಇಳಿದು, ಚೆಂಡು ಅವುಚಿಕೊಂಡು, ಗೇಟಿನ ಬಳಿ ನಿಂತಳು. ಆರು ಗಂಟೆಗೆ ಒಂದು ಕಾರು ಬಂತು. ಅದು ಹಾಲಿನವನದು.

ಆರೂ ಹತ್ತಕ್ಕೆ ಬಂದರು. ಒಂದರ ಹಿಂದೆ ಒಂದು ಕಾರು, ದೀಪ ಹಾಕಿಕೊಂಡೇ. ನೈಟ್ ಪ್ಯಾಂಟಿನ ಅಪ್ಪಂದಿರು, ಕೂದಲು ಬಾಚದ ಅಮ್ಮಂದಿರು, ಆಕಳಿಸುವ ಹುಡುಗಿಯರು. ಹೆಂಡತಿ ಒಬ್ಬೊಬ್ಬರನ್ನೂ ಎಣಿಸಿದಳು. ಹದಿಮೂರು ಹುಡುಗಿಯರು ಬಂದರು, ಆಚೆ ಕ್ಲಬ್ಬಿನ ಇಬ್ಬರು ಸೇರಿ. ಗೆದ್ದುಕೊಂಡ ಸಂಜೆಯ ಹೊತ್ತಿಗೇ ಅವರಿಬ್ಬರಿಗೆ ಟ್ಯೂಷನ್ ಅಂತೆ. ಹೆಂಡತಿ ಫ್ಲಾಸ್ಕ್ ತೆರೆದು ಪಕ್ಕದ ಕಾರಿನ ಅಮ್ಮನಿಗೆ ಚಹಾ ಕೊಟ್ಟಳು. ನನಗಷ್ಟು ಸಾಕಾಯಿತು.

ಹುಡುಗಿಯರು ಸಾಲಾಗಿ ನಿಂತರು, ಕೋಚ್ ಸೀಟಿ ಬಾಯಿಗಿಟ್ಟರು, ಅಷ್ಟರಲ್ಲಿ ಹುಲ್ಲಿನೊಳಗಿಂದ ನೀರುಣಿಸುವ ಚಿಲುಮೆಗಳೆಲ್ಲ ಒಟ್ಟಿಗೆ ಎದ್ದವು. ಆ ಹೊತ್ತಿಗೆ ಯಾರೂ ಯಾಕೆ ಬರುತ್ತಿರಲಿಲ್ಲ ಎಂದು ಆಗ ತಿಳಿಯಿತು. ಕಾವಲುಗಾರ ಆಚೆಯಿಂದ ಕೈ ಬೀಸಿ, "ಬಸ್, ಆಧಾ ಘಂಟಾ!" ಎಂದು ಕೂಗಿದರು. ಹುಡುಗಿಯರು ಕಿರುಚಿಕೊಂಡು ಚದುರಿದರು. ಕೋಚ್ ಮಾತ್ರ ನೀರು ಸುರಿಯುತ್ತಿದ್ದಲ್ಲೇ ನಿಂತಿದ್ದರು, ಕಣ್ಣು ಪೂರ್ತಿ ತೆರೆದಿತ್ತು.

"ಕೊನೆಗೂ," ಎಂದರು, "ಆಟಕ್ಕೆ ತಕ್ಕ ನಮ್ಮೂರ ಹವೆ."

ಮಗಳು ಹತ್ತನೇ ನಂಬರಿನ ಜಾಗಕ್ಕೆ ಹೋಗಿ ನಿಂತು, ಮುಖದ ನೀರು ಒರೆಸಿಕೊಂಡು, ಓಡಿ ಹೋದವರನ್ನೆಲ್ಲ ಒಬ್ಬೊಬ್ಬರಾಗಿ ಕೂಗಿ ಕರೆಯತೊಡಗಿದಳು. "ಯಲ್ಲಾ! ಯಲ್ಲಾ! ಗೆಟ್ ಬ್ಯಾಕ್ ಇನ್ ಲೈನ್!" ಪಕ್ಕದ ಕಾರಿನ ಅಮ್ಮ ಚಹಾ ಹೀರುತ್ತ, ಅಷ್ಟು ದೊಡ್ಡ ದನಿಯ ಹುಡುಗಿ ಯಾರದು ಎಂದು ಕೇಳಿದರು.

"ನಮ್ಮದೇ," ಎಂದಳು ನನ್ನ ಹೆಂಡತಿ.